ಖಂಡೇ ನವಮಿಗೆ ಇಟ್ಟ ಮುಚ್ಚಳ

ಮಗಳ ಕೆಲಸಕ್ಕೆ ರಘೋತ್ತಮರಾಯರು ಇಟ್ಟ ಹೆಸರು ‘ಬೊಂಬಿ ಮಾಡೋ ಕೆಲಸ’. ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಮಾತ್ರ, “ಇಂಜಿನಿಯರ್ ಇದ್ದಾಳ್ರಿ, ಔರಂಗಾಬಾದಿನಾಗ, ವಾಳೂಜ ಎಂ.ಐ.ಡಿ.ಸಿ. ಕಾರಖಾನಿ ಪ್ರದೇಶದೊಳಗ” ಎಂದು ಗತ್ತಿನಿಂದ ಹೇಳುವರು. ಮನೆಗೆ ಬಂದು ತಾಟಿನ ಮುಂದೆ ಕೂತರೆ ಮತ್ತೆ ಅದೇ ರಾಗ.

“ಬ್ಯಾಂಕಿನ ಪರೀಕ್ಷಾ ಬರಿ ಅಂದೆ. ಬರೀಲಿಲ್ಲ. ಪ್ಲಾಸ್ಟಿಕ್ ಬೊಂಬಿ ಮಾಡ್ಲಿಕ್ಕೆ ನಾಕು ವರ್ಷ ಓದಬೇಕಿತ್ತೇನು?”

“ಬೊಂಬಿ ಅಲ್ಲ ಅಂತ ಎಷ್ಟು ಸಲ ಹೇಳ್ಯಾಳ,” ಎಂದು ಹೆಂಡತಿ ಶುಭಾ ಭಕ್ಕರಿ ತಟ್ಟುತ್ತಲೇ ಅನ್ನುವಳು. “ನಿಮಗ ಕೇಳೋ ಮನಸಿಲ್ಲ, ಅಷ್ಟ.”

ಬಾಗಲಕೋಟೆ ಕಡೆಯ ಮನೆತನ. ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕಕ್ಕೆ ಬಂದವರು, ಮಕ್ಕಳ ಶಾಲೆ ಎಂದು ಅಲ್ಲೇ ಬೇರು ಬಿಟ್ಟರು. ಇಂದಿರಾನಗರದ ಬಾಡಿಗೆ ಮನೆಯಲ್ಲಿ ರಾಯರು, ಶುಭಾ, ರಾಯರ ತಾಯಿ ಗೋದಾವರಿಬಾಯಿ, ಕಾಲೇಜಿಗೆ ಹೋಗುವ ಮಗ ನರಹರಿ. ಮಗಳು ಮೃದುಲಾ ಔರಂಗಾಬಾದಿನಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿದ್ದು, ಹಬ್ಬಕ್ಕೆ ಬಂದು ಹೋಗುವಳು. ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದೇ ಇತ್ತು. ಕಂಡಕ್ಟರನೂ ನರಹರಿಯೂ ಅದೇ ಊರಿಗೆ ಸಂಭಾಜಿನಗರ ಅನ್ನುತ್ತಿದ್ದರು.

ಆ ವರ್ಷದ ನವರಾತ್ರಿಗೆ ಮೃದುಲಾ ಬಂದಾಗ ಅವಳ ಎದೆಗವಚಿಕೊಂಡು ಒಂದು ರಟ್ಟಿನ ಪೆಟ್ಟಿಗೆ ಬಂತು. ಬಟ್ಟೆಯ ಚೀಲವನ್ನು ಬಾಗಿಲಲ್ಲೇ ಒಗೆದಳು, ಪೆಟ್ಟಿಗೆಯನ್ನು ಮಾತ್ರ ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಅದರಾಗೇನದ ತಂಗಿ, ಅಷ್ಟು ಜ್ವಾಕಿಯಿಂದ ಹಿಡಕೊಂಡು ಬಂದಿ?” ಗೋದಾವರಿಬಾಯಿ ಹೂವಿನ ಮಾಲೆ ಕಟ್ಟುವುದನ್ನು ಬಿಟ್ಟು ಎದ್ದೇಬಂದರು.

“ಪಂಪಿನ ಮುಚ್ಚಳ ಅಜ್ಜಿ. ದ್ರಾಕ್ಷಿ ತ್ವಾಟಕ್ಕ ಔಷಧ ಹೊಡೀತಾರಲ್ಲ, ಆ ಪಂಪಿಂದು. ಇಲ್ಲೇ ನಾಸಿಕದ ಅಂಬಡದಾಗ ಖೈರನಾರ್ ಅಂತ ಇದ್ದಾರ, ಅವರ ಕಾರಖಾನಿಗೆ. ಹಬ್ಬ ಮುಗದ ಮರುದಿನ ನಾನs ಹೋಗಿ ಕೂಡಿಸಿ ತೋರಸಬೇಕು.”

ಪ್ಲಾಸ್ಟಿಕ್ ಚೀಲದಿಂದ ತೆಗೆದಳು. ಜೇನಿನ ಬಣ್ಣದ್ದು, ಬೆಳಕಿಗೆ ಹಿಡಿದರೆ ಆಚೆಗಿನದು ಮಬ್ಬಾಗಿ ಕಾಣುವಂಥದ್ದು. ಸುತ್ತಲೂ ಬೋಲ್ಟಿನ ತೂತುಗಳು, ನಡುವೆ ಸುರುಳಿಯಂಥ ಹಾದಿ.

“ಇದನ್ನ ಪಂಪಿಗೆ ಹಾಕಿದ್ರ ಒಡದು ಹೋಗೂದಿಲ್ಲೇನು?”

“ಇದು ಮಾದರಿ ಅಜ್ಜಿ. ಖರೇ ಮುಚ್ಚಳ ಲೋಹದ್ದು. ಅದಕ್ಕ ಅಚ್ಚು ಮಾಡಸಬೇಕು, ಅಚ್ಚಿಗೆ ಲಕ್ಷಗಟ್ಟಲೆ ಬೀಳ್ತದ. ಮಾಡಿಸಿದ ಮ್ಯಾಲೆ ತೂತು ಕೂಡಲಿಲ್ಲ ಅಂದ್ರ ಹೋತು, ಎಲ್ಲಾ ನೀರಪಾಲು. ಅದಕ್ಕs ಮೊದಲ ಇದನ್ನ ಕೂಡಿಸಿ ನೋಡ್ತಾರ. ಹಿಂದಕ್ಕ ಇಂಥಾದ್ದನ್ನ ಕಟಗಿಯೊಳಗ ಕೆತ್ತಿ ಕೆತ್ತಿ ತಿಂಗಳಾನುಗಟ್ಟಲೆ ಮಾಡತಿದ್ರು. ನಮ್ಮ ಮಶೀನಿನಾಗ ಒಂದು ದೊಡ್ಡ ತೊಟ್ಟಿ ತುಂಬ ಅಂಟಿನಂಥಾ ರಸ ಇರ್ತದ. ಮ್ಯಾಲಿಂದ ಲೇಸರ್ ಬೆಳಕು ಎಲ್ಲಿ ಬೀಳ್ತದೋ ಅಲ್ಲಿ ಅಷ್ಟ ಗಟ್ಟಿ ಆಗ್ತದ. ಪದರಿನ ಮ್ಯಾಲೆ ಪದರ ಕೂತು ಒಂದೆರಡು ದಿನದಾಗ ಇಡೀ ಮುಚ್ಚಳ ಎದ್ದು ಬರ್ತದ.”

“ಫುಲ್ ಜಾದೂ ಆಹೇ ಅಜ್ಜಿ!” ಎಂದ ನರಹರಿ.

ಗೋದಾವರಿಬಾಯಿ ಒಂದು ಬೆರಳಿನಿಂದ ಮುಟ್ಟಿ ನೋಡಿದರು. “ಸಕ್ರಿ ಪಾಕ ಗಟ್ಟಿಯಾದಂಗ ಅದ ನೋಡವಾ.”

“ಅಮ್ಮಾ, ಇದನ್ನ ಒಲಿ ಹತ್ರ ಇಡಬ್ಯಾಡ, ನೀರು ತಾಗಿಸಬ್ಯಾಡ,” ಎಂದಳು ಮೃದುಲಾ. “ಕಾವಿಗೂ ಬಾಗ್ತದ, ಹಸಿಗೂ ಬಾಗ್ತದ. ಕಪಾಟಿನಾಗ ಇಡ್ತೀನಿ.”

ಅಂದಳೇನೋ ಅಂದಳು. ಆ ಮಾತನ್ನು ಆಡಿದವಳೂ ಅವಳೇ, ಮರೆತವಳೂ ಅವಳೇ. ಮರೆತಳು ಅನ್ನುವುದೂ ತಪ್ಪು.

ಮರುದಿನ ಖಂಡೇ ನವಮಿ, ಆಯುಧ ಪೂಜೆಯ ದಿನ. ಅಡಿಗೆಮನೆಯ ಮೂಲೆಯ ದೇವರ ಕಟ್ಟೆಯ ಮೇಲೆ ನವರಾತ್ರಿಯ ಘಟ ಕೂತಿತ್ತು. ಮಣ್ಣಿನಲ್ಲಿ ಬಿತ್ತಿದ ಗೋಧಿ ಹಳದಿ ಸಸಿಯಾಗಿ ಎದ್ದಿತ್ತು, ದಿನಾ ನೀರು ಚಿಮುಕಿಸಿ ಮಣ್ಣು ಹಸಿಯಾಗಿತ್ತು. ಪಕ್ಕದಲ್ಲೇ ಒಂಬತ್ತು ದಿನ ಆರದ ಹಾಗೆ ಕಾಯುವ ನಂದಾದೀಪ. ಗೋದಾವರಿಬಾಯಿ ಕಟ್ಟೆಯ ಮೇಲೇ ಹೊಸ ಖಣದ ಬಟ್ಟೆ ಹಾಸಿ ಆಯುಧಗಳನ್ನು ಸಾಲಾಗಿ ಇಟ್ಟರು: ಈಳಿಗೆಮಣೆ, ಶುಭಾಳ ಕತ್ತರಿ, ರಾಯರ ಪೆನ್ನು, ಸ್ಕೂಟರಿನ ಕೀಲಿ, ನರಹರಿಯ ಪುಸ್ತಕ.

“ಮೃದುಲಾಂದು ಏನಿಡೋದು? ಹ್ವಾದ ವರ್ಷ ಲೆಕ್ಕ ಮಾಡೋ ಮಶೀನ್ ಇಟ್ಟಿದ್ವಿ,” ಎಂದು ಮುದುಕಿ ಕೇಳಿದರು.

“ಈ ಸಲ ಅಕಿ ಮುಚ್ಚಳಾನs ಇಡೂಣು,” ಎಂದರು ಗೋದಾವರಿಬಾಯಿ ತಾವೇ ಉತ್ತರ ಕೊಟ್ಟುಕೊಂಡು. “ಅದs ಅಲ್ಲೇನು ಅಕಿ ಅನ್ನದ ದಾರಿ?”

ಮೃದುಲಾ ಬ್ಯಾಡ ಅನ್ನುವುದಕ್ಕೆ ಬಾಯಿ ತೆಗೆದಿದ್ದಳು. ಅಷ್ಟರಲ್ಲಿ ಮಡಿಯುಟ್ಟು ಬಂದ ರಘೋತ್ತಮರಾಯರು ಮುಚ್ಚಳ ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಕಿಟಕಿಗೆ ಹಿಡಿದು ನೋಡಿದರು. ಬೋಲ್ಟಿನ ತೂತಿನೊಳಗೆ ಕಿರುಬೆರಳು ಹಾಕಿದರು.

“ಇದರ ನಕಾಶಿ ನೀನs ತಗದಿದ್ಯಾ?”

“ಹೌದಪ್ಪಾ. ಪೂರಾ ಕಂಪ್ಯೂಟರಿನಾಗ ನಾನs ಮಾಡಿದ್ದು.”

“ಛಲೋ ಅದ,” ಎಂದರು ರಾಯರು. ಬೊಂಬಿ ಅನ್ನಲಿಲ್ಲ. ತಾವೇ ಅದನ್ನು ಒಯ್ದು ಖಣದ ಮೇಲೆ, ಘಟಕ್ಕೂ ದೀಪಕ್ಕೂ ನಡುವೆ, ಎದ್ದು ಕಾಣುವ ಹಾಗೆ ಇಟ್ಟರು. ಗಂಧ ಹಚ್ಚಿದರು, ಅರಿಷಿಣ ಕುಂಕುಮ ಏರಿಸಿದರು, ಹೂವಿನಿಂದ ನೀರು ಚಿಮುಕಿಸಿದರು.

ಅಪ್ಪನ ಬಾಯಿಂದ ಆ ಎರಡು ಶಬ್ದ ಬಂದವಲ್ಲ, ಹುಡುಗಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಾಯಿ ಮುಚ್ಚಿಕೊಂಡು ಆರತಿ ತಗೊಂಡಳು.

ಊಟವಾದ ಮೇಲೆ ಎಲ್ಲರೂ ಅಡ್ಡಾದಾಗ ಒಮ್ಮೆ ಬಂದು ನೋಡಿದಳು. ದೀಪದ ಕಾವು ಮುಚ್ಚಳದ ಅಂಚಿಗೆ ನೇರವಾಗಿ ತಾಕುತ್ತಿತ್ತು.

“ಅಪ್ಪಾ, ಇದನ್ನೊಂದು ಸ್ವಲ್ಪ ಈಚಿ ಕಡೆ ಸರಸ್ಲಾ?”

“ಏ, ಮುಟ್ಟಬ್ಯಾಡ! ನವಮಿಗೆ ಇಟ್ಟದ್ದನ್ನ ದಶಮಿ ಪೂಜಾ ಆಗೋತನಕ ಎತ್ತಬಾರದು. ನಾ ಪೆನ್ನು ಇಟ್ಟೀನಿ, ಮುಟ್ಟೀನೇನು?”

“ಅಲ್ಲಪ್ಪಾ, ಕಾವಿಗೆ ಅದು…”

“ಒಂದು ದಿನಕ್ಕ ಏನಾಗ್ತದ? ದೇವರ ಮುಂದ ಅದ.”

ಇನ್ನೊಂದು ಮಾತು ಹೇಳಿದ್ದರೆ ರಾಯರು ಎತ್ತಲಿಕ್ಕೆ ಬಿಡುತ್ತಿದ್ದರೋ ಏನೋ. ಹೇಳಲಿಲ್ಲ. ‘ಛಲೋ ಅದ’ ಅಂದವರು ಮತ್ತೆ ‘ಬೊಂಬಿ’ ಅಂದಾರು ಎಂಬ ಅಂಜಿಕೆ.

ದಶಮಿಯ ಬೆಳಿಗ್ಗೆ ಪೂಜೆ ಮುಗಿದು ಆಯುಧ ಎತ್ತುವಾಗ ಮೊದಲು ಕಂಡದ್ದು ಗೋದಾವರಿಬಾಯಿಗೆ. “ಇದು ಒಂದು ಕಡೆ ಸ್ವಲ್ಪ ವಾಲೇದಲ್ಲ? ಹೂವಿನ ಭಾರಕ್ಕೇನು?” ಎಂದರು. ಶುಭಾ ಲಗುಬಗೆಯಿಂದ ಅದನ್ನು ಒರಸಿ ಅಡಿಗೆ ಕಟ್ಟೆಯ ಮೇಲೆ ಮಗುಚಿಟ್ಟಳು. ಕಟ್ಟೆಯ ಮೇಲೆ ಅದು ಕುಂತಲ್ಲಿ ಕೂರದೆ ಟಕ್ ಟಕ್ ಎಂದು ಅಲುಗಿತು. ಮಗಳು ಸ್ನಾನದ ಮನೆಯಲ್ಲಿದ್ದಳು. ಅವಸರದಲ್ಲಿ ಮುಚ್ಚಳದ ಮೇಲೆ ಗೋಧಿ ಹಿಟ್ಟಿನ ಡಬ್ಬಿ ಹೇರಿ, ಅದರ ಮೇಲೆ ಕುಟ್ಟಾಣಿ ಇಟ್ಟಳು.

“ಅಮ್ಮಾ, ಏನ್ ಮಾಡ್ಲಿಕತ್ತಿ?” ಮೃದುಲಾ ಒದ್ದೆ ಕೂದಲಲ್ಲೇ ಬಂದು ನಿಂತಿದ್ದಳು.

“ಸ್ವಲ್ಪ ಎದ್ದಿತ್ತು. ಒತ್ತಿದ್ರ ಸರಿ ಆಗ್ತದ ತಗೋ. ಹಪ್ಪಳ ಹಂಗs ಮಾಡ್ತೀವಲ್ಲ.”

ಎಷ್ಟು ಹೊತ್ತು ಒತ್ತಿದರೂ ಸರಿಯಾಗಲಿಲ್ಲ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುವುದು. ಮೃದುಲಾ ಯಾರನ್ನೂ ಬೈಯಲಿಲ್ಲ, ಅಳಲೂ ಇಲ್ಲ. ಸ್ಪಿರಿಟ್ ಹಚ್ಚಿ ಕುಂಕುಮದ ಕಲೆ ಒರಸುತ್ತ ಕೂತಳು. ಸಂಜೆ ಓಣಿಯ ಮಂದಿ, ನಮ್ಮ ಕಡೆ ಬನ್ನಿ ಕೊಡುವ ಹಾಗೆ, ಆಪಟೆಯ ಎಲೆ ಹಿಡಿದು ‘ಬಂಗಾರ’ ಕೊಡಲು ಬಂದರು. ಎಲ್ಲರಿಗೂ ಕಾಲು ಮುಟ್ಟಿ ಎಲೆ ಕೊಟ್ಟಳು. ಮನೆಯಲ್ಲಿ ಫೋನ್ ಇತ್ತು, ಅವಳ ಸಾಹೇಬ ಮುಳೆಯವರ ನಂಬರೂ ಇತ್ತು. ಮಾಡಲಿಲ್ಲ.

ಅಂಬಡದ ಕಾರಖಾನೆಯಲ್ಲಿ ಖೈರನಾರರು ಹಬ್ಬದ ಮರುದಿನವೂ ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದರು. ಸಟಾಣಾ ಕಡೆಯ ಮನುಷ್ಯ. ತಮ್ಮ ಊರಿನ ದಾಳಿಂಬೆ, ದ್ರಾಕ್ಷಿ ಬೆಳೆಗಾರರನ್ನೂ ಕರೆಸಿಕೊಂಡಿದ್ದರು, ಹೊಸ ಪಂಪಿನ ಮುಚ್ಚಳ ನೋಡಲಿ ಎಂದು. ಎಲ್ಲರಿಗೂ ಪೇಢೆ, ಚಹಾ.

ಮೃದುಲಾ ಮುಚ್ಚಳವನ್ನು ಪಂಪಿನ ಮೇಲಿಟ್ಟಳು. ಎರಡು ಬೋಲ್ಟು ಕೂತವು. ಮೂರನೆಯದು ಅರ್ಧಕ್ಕೆ ನಿಂತಿತು. ನಾಲ್ಕನೆಯ ತೂತು ಪಂಪಿನ ತೂತಿಗೆ ಮುಖವನ್ನೇ ತೋರಿಸಲಿಲ್ಲ. ಅಂಚಿನ ಸಂದಿಯಲ್ಲಿ ಆಚೆಗಿನ ಬೆಳಕು ಕಾಣುತ್ತಿತ್ತು.

“ಕೋಟಿ ರೂಪಾಯಿ ಮಶೀನು ಮಾಡಿದ್ದು ಇದೇನಾ ತಾಯಿ?” ಎಂದರು ಖೈರನಾರರು. ಸಿಟ್ಟಿನಿಂದಲ್ಲ, ಮಂದಿಯ ಮುಂದೆ ಮುಖ ಹೋದ ದನಿಯಲ್ಲಿ. ಒಬ್ಬ ಬೆಳೆಗಾರ ಪೇಢೆ ಬಾಯಿಗೆ ಹಾಕಿಕೊಂಡು, “ನಮ್ಮ ಊರ ಲೋಹಾರ ಇದಕ್ಕಿಂತ ನೆಟ್ಟಗೆ ಬಡಿತಾನೆ,” ಎಂದ. ಉಳಿದವರು ನಕ್ಕರು.

ಖೈರನಾರರು ಅಲ್ಲಿಂದಲೇ ವಾಳೂಜಕ್ಕೆ ಫೋನ್ ಹಚ್ಚಿ ರಿಸೀವರನ್ನು ಅವಳ ಕೈಗೆ ಕೊಟ್ಟರು.

“ಏನಾಯ್ತು ಮೃದುಲಾ? ಇಲ್ಲಿಂದ ಹೋಗುವಾಗ ಸರಿ ಇತ್ತಲ್ಲ?” ಆ ಕಡೆಯಿಂದ ಮುಳೆ ಸಾಹೇಬರು.

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ದೇವರ ಮುಂದೆ ಇಟ್ಟಿದ್ದೆವು, ದೀಪದ ಕಾವಿಗೆ ಬಾಗಿತು ಅಂತ ಈ ಮಂದಿಯ ಮುಂದೆ ಹೇಗೆ ಅನ್ನುವುದು? ಅವಳ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

“ಕ್ಯೂರಿಂಗ್ ಕಡಿಮೆ ಆಗಿರಬೇಕು ಸರ್. ಒಳಗೆ ಮೆತ್ತಗೇ ಉಳಿದಿದೆ.”

ಮಶೀನಿನಿಂದ ಹೊರಬಂದ ಮಾದರಿಯನ್ನು ಸ್ಪಿರಿಟಿನಲ್ಲಿ ತೊಳೆದು, ದೀಪಗಳ ಪೆಟ್ಟಿಗೆಯಲ್ಲಿಟ್ಟು ಪೂರಾ ಗಟ್ಟಿ ಮಾಡುವ ಕೆಲಸಕ್ಕೆ ಕ್ಯೂರಿಂಗ್ ಅನ್ನುತ್ತಿದ್ದರು. ಅದನ್ನು ಮಾಡುತ್ತಿದ್ದವನು ದತ್ತು. ಯೇವಲಾದವನು, ಬಾಯಿ ಜೋರು, ತಲೆ ಬಿಸಿ. ಹಿಂದೊಮ್ಮೆ ಕ್ರಿಕೆಟ್ ಮ್ಯಾಚ್ ನೋಡುವ ಆತುರಕ್ಕೆ ಪೆಟ್ಟಿಗೆಯಿಂದ ಬೇಗ ತೆಗೆದು ಬೈಸಿಕೊಂಡಿದ್ದ. ಮುಳೆ ಸಾಹೇಬರಿಗೆ ಇನ್ನೇನೂ ಕೇಳಬೇಕಾಗಲಿಲ್ಲ.

“ಆ ದತ್ತೂನೇ!” ಎಂದು ಫೋನ್ ಇಟ್ಟರು.

ಮನೆಗೆ ಬಂದಾಗ ಶುಭಾ ಹುಳಿಯನ್ನ ಬಡಿಸಿದಳು. ಮೃದುಲಾ ಫೋನಿನಲ್ಲಿ ಆಡಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ರಾಯರು ಎತ್ತಿದ ತುತ್ತನ್ನು ತಾಟಿಗೆ ಇಳಿಸಿದರು.

“ಅಂದ್ರ… ಆ ಹುಡುಗನ ಮ್ಯಾಲೆ ಹೋತು?”

“ಹೂಂ.”

“ಸ್ವಲ್ಪ ಬೈತಾರ, ಅಷ್ಟs ಅಲ್ಲ?”

“ಅಷ್ಟs ಇರಬೇಕಪ್ಪಾ.”

“ಮತ್ತ ಬಿಡು. ಅವ್ವಗ ಹೇಳಬ್ಯಾಡ್ರಿ. ಸುಮ್ನ ಮನಸಿಗೆ ಹಚ್ಚಿಕೋತಾಳ.”

ನರಹರಿ ಮಾತ್ರ, “ಅಕ್ಕಾ, ಪಣ… ಆದ್ರ ದತ್ತೂ ಏನೂ ಮಾಡಿಲ್ಲಲ್ಲ?” ಎಂದ. ಶುಭಾ ಅವನ ತಾಟಿಗೆ ಇನ್ನೊಂದು ಚಮಚ ತುಪ್ಪ ಸುರುವಿ ಬಾಯಿ ಮುಚ್ಚಿಸಿದಳು. ಗೋದಾವರಿಬಾಯಿ ಕೇಳಿದ್ದಕ್ಕೆ, “ಭಾಳ ಛಲೋ ಆತ್ರಿ ಅತ್ಯಾ, ಎಲ್ಲಾರಿಗೂ ಮನಸಿಗೆ ಬಂತು,” ಎಂದು ಅವಳೇ ಹೇಳಿದಳು. ಮುದುಕಿ ದೇವರಿಗೆ ಕೈಮುಗಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಭಾನುವಾರದ ಫೋನಿನಲ್ಲಿ ಮೃದುಲಾಳ ದನಿ ಕುಗ್ಗಿತ್ತು.

“ಅಮ್ಮಾ, ದತ್ತೂನ್ನ ತಗದ್ರು.”

“ತಗದ್ರು ಅಂದ್ರ?”

“ನಾಳಿಂದ ಬರಬ್ಯಾಡ ಅಂದ್ರು. ಖೈರನಾರರಿಗೆ ಕಂಪನಿ ಖರ್ಚಿನಾಗ ಎರಡನೇ ಮುಚ್ಚಳ ಮಾಡಿ ಕೊಟ್ವಿ. ಮುಳೆ ಸಾಹೇಬರು ಸಿಟ್ಟಿಗೆದ್ದಾರ. ನಾ ಅವನ್ನ ಬಿಟ್ಟುಬಿಡ್ರಿ, ಇನ್ನೊಂದು ಸಲ ನೋಡ್ರಿ ಅಂತ ಎಲ್ಲಾರ ಮುಂದ ಕೇಳಿದೆ. ಕೇಳಲಿಲ್ಲ.”

“ನೀ ಕೇಳಿದ್ಯಲ್ಲ, ಆತು ಬಿಡು,” ಎಂದಳು ಶುಭಾ. ಫೋನ್ ಇಟ್ಟ ಮೇಲೆ ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುವುದು ರೂಢಿಯಾಯಿತು. ರಾಯರು ಉಪ್ಪು ಹೆಚ್ಚಾಯಿತು ಎಂದು ಸಿಡುಕಿದರೆ ಶುಭಾ ತಿರುಗಿ, “ನಿಮ್ಮ ಬಾಯಿಗೇ ಈಗ ಏನೂ ಸೇರವಲ್ದು,” ಅನ್ನುವಳು. ದತ್ತುವಿನ ಹೆಸರು ಯಾರೂ ಎತ್ತಲಿಲ್ಲ. ಆದರೂ ಚಕ್ಕುಲಿ ಒತ್ತುವಾಗ, ಪಗಾರದ ದಿನ ರಾಯರು ಹಣ ತಂದು ದೇವರ ಮುಂದೆ ಇಡುವಾಗ, ಅವನು ಅಲ್ಲೇ ಎಲ್ಲೋ ಕೂತಿದ್ದಾನೆ ಅನ್ನುವ ಹಾಗೆ ಎಲ್ಲರೂ ಸುಮ್ಮನಾಗುವರು.

ಆಮೇಲೆ ಅವನೇ ಬಂದ.

ದೀಪಾವಳಿ ಪಾಡ್ಯದ ದಿನ. ಮೃದುಲಾ ಹಬ್ಬಕ್ಕೆ ಬಂದಿದ್ದಳು. ಹೋಳಿಗೆಯ ಹೂರಣದ ವಾಸನೆ ಮನೆ ತುಂಬ ಇತ್ತು. ಬಾಗಿಲಲ್ಲಿ ಎಣ್ಣೆ ಹಚ್ಚಿ ತಲೆ ಬಾಚಿದ ಒಬ್ಬ ತರುಣ ಚಪ್ಪಲಿ ಬಿಡುತ್ತಿದ್ದ.

“ಮ್ಯಾಡಮ್ ಇದ್ದಾರಾ? ನಾನು ದತ್ತು. ಯೇವಲಾದಿಂದ ಬಂದೆ.”

ಅವನದೆಲ್ಲ ಮರಾಠಿ. ಮೃದುಲಾ ಬಾಗಿಲ ಪರದೆ ಹಿಡಿದುಕೊಂಡು ಅಲ್ಲೇ ನಿಂತಳು. ಗೋದಾವರಿಬಾಯಿಗೆ ಏನೂ ಗೊತ್ತಿಲ್ಲವಲ್ಲ, “ಯಾ ಯಾ, ಆಂತ ಯಾ,” ಎಂದು ತಮ್ಮ ಮುರುಕು ಮರಾಠಿಯಲ್ಲೇ ಅವನನ್ನು ಒಳಗೆ ಕರೆದು ಕೂಡಿಸಿದರು. “ಹಬ್ಬದ ದಿನ ಬಂದಿ, ಉಣದ ಹೋಗಬಾರದಪ್ಪ.”

ಅವನು ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಪೈಠಣಿ ರೇಶಿಮೆಯ ತುಂಡಿನಲ್ಲಿ ಹೊಲಿದ ಒಂದು ಪುಟ್ಟ ಪರ್ಸು, ನವಿಲಿನ ಅಂಚಿನದು.

“ನಮ್ಮ ತಾಯಿ ಹೊಲಿದದ್ದು, ಮ್ಯಾಡಮ್ಮಿಗೆ. ಅವತ್ತು ಎಲ್ಲರ ಮುಂದೆ ಇವರೊಬ್ಬರೇ ನನ್ನ ಪರವಾಗಿ ಮಾತಾಡಿದರು. ಅದನ್ನ ಆಯಿಗೆ ಹೇಳಿದ್ದೆ.”

ಮೃದುಲಾ ಪರ್ಸಿನ ಕಡೆ ನೋಡಲಿಲ್ಲ. ರಾಯರು ಕೈಯಲ್ಲಿದ್ದ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು.

ತಾಟು ಹಾಕಿದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಕೋಸಂಬರಿ. ದತ್ತು ಸಂಕೋಚವಿಲ್ಲದೆ ಉಂಡ. ಉಣ್ಣುತ್ತಲೇ ತನ್ನ ಕಥೆ ಹೇಳಿದ. ಬೇರೆ ಕಡೆ ಕೆಲಸ ಕೇಳಿದರೆ, ‘ಹಾಳು ಮಾಡಿ ಬಂದವನಲ್ಲ ನೀನು’ ಅನ್ನುತ್ತಾರಂತೆ. ವಾಳೂಜದಲ್ಲಿ ಸುದ್ದಿ ಹಬ್ಬಿದೆಯಂತೆ.

“ಮ್ಯಾಡಮ್, ಖೈರನಾರ್ ಸಾಹೇಬರಿಗೆ ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ? ಕಸ ಹೊಡೆಯೋ ಕೆಲಸ ಆದರೂ ಸರಿ. ದೇವರಾಣೆ ಹೇಳ್ತೀನಿ, ಆ ಮುಚ್ಚಳವನ್ನ ನಾನು ಪೂರಾ ಹೊತ್ತು ಇಟ್ಟಿದ್ದೆ. ಹೇಗೆ ಮೆತ್ತಗೆ ಉಳೀತೋ ನನಗೇ ತಿಳೀದು. ನನ್ನ ಕೈಯೇ ಕೆಟ್ಟಿದೆಯೇನೋ ಅನಿಸಿಬಿಟ್ಟಿದೆ.”

“ಯಾವ ಮುಚ್ಚಳ?” ಗೋದಾವರಿಬಾಯಿ ತುಪ್ಪದ ಗಿಂಡಿ ಹಿಡಿದು ಬಂದವರು ಉಮೇದಿನಿಂದ ಕೂತೇಬಿಟ್ಟರು. “ಆ ಜೇನಿನ ಬಣ್ಣದ್ದೇನು? ಅದನ್ನ ನಾವು ಇಲ್ಲೇ ನವಮಿಗೆ ಪೂಜಾ ಮಾಡಿದ್ವಲ್ಲೋ ಮಗಾ!”

“ಅವ್ವಾ, ನೀ ಒಳಗ ನಡಿ,” ಎಂದರು ರಾಯರು.

“ಇರು, ಹೇಳ್ತೀನಿ. ಅಲ್ನೋಡು, ದೇವರ ಕಟ್ಟಿ ಮ್ಯಾಲೆ, ಆ ದೀಪದ ಮಗ್ಗಲಕ್ಕs ಇಟ್ಟಿದ್ವಿ. ದಶಮಿ ದಿನ ನೋಡಿದ್ರ ಒಂದು ಕಡೆ ವಾಲಿತ್ತು. ನಮ್ಮ ಶುಭಾ ಹಿಟ್ಟಿನ ಡಬ್ಬಿ ಹೇರಿ ಒತ್ತಿ ಸರಿ ಮಾಡಿದ್ಲು. ದೇವಿ ಕೃಪಾ, ಭಾಳ ಛಲೋ ಆತಂತ ಕೆಲಸ.”

ಅರ್ಧ ಕನ್ನಡ, ಅರ್ಧ ಮರಾಠಿ. ಆದರೂ ತಿಳಿಯಬೇಕಾದದ್ದು ತಿಳಿಯಿತು. ದತ್ತುವಿನ ಕೈ ಹೋಳಿಗೆಯ ಮೇಲೆ ನಿಂತಿತು.

“ಎಲ್ಲಿ ಇಟ್ಟಿದ್ದಿರಿ ಅಜ್ಜಿ?” ಎಂದು ಮೆಲ್ಲಗೆ ಕೇಳಿದ.

ಗೋದಾವರಿಬಾಯಿ ಮತ್ತೆ ಕೈ ಮಾಡಿ ತೋರಿಸಿದರು. ಅವನು ದೀಪವನ್ನು ನೋಡಿದ, ಮೃದುಲಾಳನ್ನು ನೋಡಿದ. ಅವಳಿಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು ಅನ್ನಿಸಿತು. ದತ್ತು ತಾಟಿನಲ್ಲಿ ಉಳಿದದ್ದನ್ನು ಒಂದಗುಳು ಬಿಡದೆ ಉಂಡ. ಶುಭಾ ಇನ್ನೊಂದು ಹೋಳಿಗೆ ತಂದರೆ ಅಂಗೈ ಅಡ್ಡ ಹಿಡಿದ. ಎದ್ದು ಕೈ ತೊಳೆದ. ಬಂದು ಮೇಜಿನ ಮೇಲಿನ ಪರ್ಸನ್ನು ಎತ್ತಿ ತನ್ನ ಕಿಸೆಗೆ ಹಾಕಿಕೊಂಡ.

“ಇದು ನಮ್ಮ ಆಯಿ ಕಣ್ಣು ಕೆಡಿಸಿಕೊಂಡು ಹೊಲಿದದ್ದು,” ಎಂದ. “ಊಟ ಚೆನ್ನಾಗಿತ್ತು ಅಜ್ಜಿ.”

ಹೊರಟುಹೋದ.

“ಯಾಕ ಹ್ವಾದಾ? ನಾ ಏನರೆ ತಪ್ಪು ಆಡಿದ್ನೇನು?” ಗೋದಾವರಿಬಾಯಿ ಎಲ್ಲರ ಮುಖ ನೋಡಿದರು. ಕೊನೆಗೆ ನರಹರಿ ಗೋಡೆಯ ಕಡೆ ಮುಖ ಮಾಡಿಕೊಂಡು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ಕನ್ನಡ ತೀರಿಹೋಗಿ ಮರಾಠಿಗೆ ಹೊರಳಿತು.

ಮುದುಕಿ ತುಪ್ಪದ ಗಿಂಡಿ ಕೆಳಗಿಟ್ಟರು.

“ನನಗ ಸುಳ್ಳು ಹೇಳಿದ್ರಿ?”

“ನಿನ್ನ ಮನಸಿಗೆ ನೋವಾಗಬಾರದಂತ ಅವ್ವಾ…”

“ನಾ ಎದಕ್ಕ ಇಟ್ಟೆ ದೇವರ ಮುಂದ? ಅಕಿಗೆ ಛಲೋ ಆಗಲಿ ಅಂತ. ಒಬ್ಬರ ಮಗನ ಅನ್ನ ಕಸಗೋಲಿಕ್ಕೆ ಇಟ್ನೇನು? ಅಂವಗ ನನ್ನ ಕೈಯಾರೆ ತುಪ್ಪ ಹಾಕಿಸಿದ್ರಲ್ಲೋ!”

“ಈಗೇನು ಮಾಡು ಅಂತಿ?” ರಾಯರ ದನಿ ಏರಿತು. “ಅಕಿ ಹೋಗಿ ಒಪ್ಪಿಕೊಂಡ್ಲು ಅಂದ್ರ ಅಕಿ ನೌಕರಿ ಹೋಗ್ತದ. ಹುಬ್ಬಳ್ಳಿಯಿಂದ ಗಂಡಿನ ಮಂದಿ ಅಕಿನ್ನ ನೋಡ್ಲಿಕ್ಕೆ ಬರೋರಿದ್ದಾರ. ‘ನಿಮ್ಮ ಮಗಳನ್ನ ಯಾಕ ತಗದ್ರು’ ಅಂತ ಕೇಳಿದ್ರ ಏನು ಹೇಳಲಿ?”

“ಎತ್ತಬ್ಯಾಡ ಅಂದಾವ್ರು ಯಾರು?” ಶುಭಾ ಒಮ್ಮೆಲೇ ಗಂಡನ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಅತ್ತೆಯ ಮುಂದೆ ಅವಳು ಹಾಗೆ ಮಾತಾಡಿದ್ದಿಲ್ಲ. “ಅಕಿ ಸರಸ್ತೀನಿ ಅಂದಾಗ ಒದರಿದವ್ರು ನೀವು. ಒತ್ತಿ ಕೆಡಿಸಿದಾಕಿ ನಾನು. ಅಕಿ ಒಬ್ಬಾಕಿದೇನು ನೌಕರಿ, ಅವಂದು ನೌಕರಿ ಅಲ್ಲೇನು?”

“ನೀ ಸುಮ್ನಿರು!”

“ಸುಮ್ನಿದ್ದದ್ದs ಸಾಕಾಗೇದ.”

“ಜಗಳಾಡಬ್ಯಾಡ್ರಿ,” ಎಂದಳು ಮೃದುಲಾ. ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. “ನವಮಿ ದಿನಾನs ನನಗ ಗೊತ್ತಿತ್ತು ಬಾಗ್ತದ ಅಂತ. ಅಪ್ಪಾ ಛಲೋ ಅದ ಅಂದ್ರಲ್ಲ, ಅದಕ್ಕ ಸುಮ್ನಿದ್ದೆ. ನಾನs ಹೋಗಿ ಹೇಳ್ತೀನಿ.”

ಅಂದು ಆ ಮನೆಯಲ್ಲಿ ಮತ್ಯಾರೂ ಹೋಳಿಗೆ ಉಣ್ಣಲಿಲ್ಲ. ಬುಟ್ಟಿ ತುಂಬ ಮಾಡಿದ್ದನ್ನು ಶುಭಾ ಮರುದಿನ ಕೆಲಸದ ಹೆಂಗಸಿನ ಮನೆಗೆ ಕಳಿಸಿಕೊಟ್ಟಳು.

ಹೊರಡುವ ದಿನ ಬೆಳಿಗ್ಗೆ ನೋಡಿದರೆ ರಾಯರು ಗಡ್ಡ ಮಾಡಿಕೊಂಡು ಬ್ಯಾಂಕಿನ ಅಂಗಿ ತೊಟ್ಟು ಚೀಲ ಹಿಡಿದು ಕೂತಿದ್ದರು.

“ನಾನೂ ಬರ್ತೀನಿ,” ಎಂದರು.

ಬಸ್ಸು ಯೇವಲಾ ಸ್ಟ್ಯಾಂಡಿನಲ್ಲಿ ನಿಂತಾಗ ಮೃದುಲಾ ಓಢಣಿಯನ್ನು ತಲೆಯ ಮೇಲೆಳೆದು ಕಿಟಕಿಯಿಂದ ಕೆಳಗೆ ಬಾಗಿಬಿಟ್ಟಳು. ಎದುರು ಚಹಾ ಅಂಗಡಿಯಲ್ಲಿ ಯಾರೇ ತರುಣ ನಿಂತಿದ್ದರೂ ದತ್ತುವೇ ಅನ್ನಿಸುತ್ತಿತ್ತು. ಪಕ್ಕದಲ್ಲಿ ರಾಯರೂ ಪೇಪರು ಬಿಚ್ಚಿ ಮುಖಕ್ಕೆ ಹಿಡಿದಿದ್ದರು. ಬಸ್ಸು ಹೊರಡುವ ತನಕ ಅಪ್ಪ ಮಗಳು ಹಾಗೇ ಕೂತರು.

ವಾಳೂಜದಲ್ಲಿ ರಾಯರು ಗೇಟಿನ ಹತ್ತಿರ ನಿಂತರು. ಅವಳೊಬ್ಬಳೇ ಕೋಣೆಯೊಳಗೆ ಹೋದಳು. ಮುಳೆ ಸಾಹೇಬರು ಪೂರಾ ಕೇಳಿದರು. “ಪೂಜೆ? ದೀಪದ ಪಕ್ಕ?” ಎಂದು ಒಮ್ಮೆ ನಗು ಬಂತು, ಆಮೇಲೆ ನಿಂತಿತು. ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತರು.

“ಖೈರನಾರರ ಕೆಲಸ ಮುಗಿದಿದೆ, ಅವರು ಖುಷಿ ಇದ್ದಾರೆ. ಈಗ ಇದನ್ನ ಕೆದಕೋದು ಬೇಡ. ನಿಮ್ಮಷ್ಟು ಚೆನ್ನಾಗಿ ಡಿಸೈನ್ ಮಾಡೋರು ನನಗೆ ಬೇಕು. ದತ್ತೂನ್ನ ವಾಪಸ್ ಕರೀತೀನಿ, ಆಯ್ತಾ? ಆದರೆ ಹೊರಗೆ ಏನೂ ಹೇಳಬೇಡಿ. ನಾಳೆ ಆ ಹುಡುಗರೆಲ್ಲ ನಿಮ್ಮ ಮಾತು ಕೇಳಬೇಕಲ್ಲ.”

“ಹೂಂ ಸರ್,” ಎಂದಳು ಮೃದುಲಾ. ಅಷ್ಟೇ ಅಲ್ಲ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ಉಸಿರು ಬಿಟ್ಟಳು. ಅದನ್ನೂ ಹೇಳಿಬಿಡಬೇಕು.

ಆ ದಿನ ರಾಯರು ಔರಂಗಾಬಾದಿನ ಸಿಡ್ಕೋ ಬಡಾವಣೆಯಲ್ಲಿ ತಮ್ಮ ಬ್ಯಾಂಕಿನ ಹಳೆಯ ಸ್ನೇಹಿತ ಗುರುಲಿಂಗಪ್ಪನವರ ಮನೆಯಲ್ಲಿ ಉಳಿದರು. ಊಟಕ್ಕೆ ಕೂತಾಗ ಗುರುಲಿಂಗಪ್ಪನವರು, “ನಿಮ್ಮ ಮಗಳು ಭಾಳ ದೊಡ್ಡ ಮಶೀನಿನ ಮ್ಯಾಲೆ ಅದಾಳಂತಲ್ರಿ ರಾಯರ, ಮಂದಿ ಹೊಗಳ್ತಾರ,” ಎಂದರು. ರಾಯರು ತಲೆ ಬಗ್ಗಿಸಿ ನೀರಿನ ಲೋಟಕ್ಕೆ ಕೈ ಹಾಕಿದರು.

ಸುದ್ದಿ ಮುಟ್ಟಿ ದತ್ತು ಮರುದಿನ ಬೆಳಿಗ್ಗೆಯೇ ಕಂಪನಿಗೆ ಬಂದ. ಮಗಳನ್ನು ಕಂಡು ನಾಸಿಕದ ಬಸ್ಸು ಹಿಡಿಯೋಣ ಎಂದು ರಾಯರೂ ಬಂದಿದ್ದರು. ಕಾವಲುಗಾರ ಒಳಗೆ ಬಿಟ್ಟ. ಅವರು ಶೆಡ್ಡಿನ ಹಿಂದಿನ ಬಾಗಿಲ ಹತ್ತಿರ, ನೀರಿನ ಪೀಪಾಯಿಯ ಪಕ್ಕದಲ್ಲಿ ನಿಂತರು. ಮುಳೆ ಸಾಹೇಬರು ಕೆಲಸಗಾರರನ್ನೆಲ್ಲ ಮಶೀನಿನ ಮುಂದೆ ಸೇರಿಸಿದ್ದರು. ಅಲ್ಲಿ ಮಾತೆಲ್ಲ ಮರಾಠಿಯಲ್ಲೇ.

“ನೋಡ್ರಪ್ಪಾ, ದತ್ತುವಿನಿಂದ ಒಂದು ತಪ್ಪಾಯಿತು. ಹಬ್ಬದ ದಿನಗಳು. ಅವನ ಮನೆಯ ಪರಿಸ್ಥಿತಿಯೂ ನಮಗೆ ಗೊತ್ತು. ಕಂಪನಿ ಅವನನ್ನ ಮಾಫ್ ಮಾಡಿದೆ. ಇನ್ನು ಮುಂದೆ ಜಾಗರೂಕತೆಯಿಂದ ಕೆಲಸ ಮಾಡ್ತಾನೆ.”

ಮಂದಿ ಚಪ್ಪಾಳೆ ತಟ್ಟಿದರು. ಒಬ್ಬ ದತ್ತುವಿನ ಬೆನ್ನು ಚಪ್ಪರಿಸಿ, “ಇನ್ನ ಮ್ಯಾಚ್ ಗೀಚ್ ಬಿಡು ಮಗನೆ,” ಎಂದ. ದತ್ತು ಕೈ ಕಟ್ಟಿ ನಿಂತಿದ್ದ.

“ಮಾಫಿ ಯಾತಕ್ಕೆ ಸಾಹೇಬ?” ಎಂದ.

“ಬಿಡೋ, ಕೆಲಸ ಸಿಕ್ಕಿತಲ್ಲ.”

“ನನಗೆ ಮಾಫಿ ಬೇಡ. ಯಾತಕ್ಕೆ ಅಂತ ಹೇಳ್ರಿ.”

ಮುಳೆ ಸಾಹೇಬರ ಮುಖ ಕೆಂಪಗಾಯಿತು. “ತಲೆ ತಿರುಗಿದೆಯೇನೋ ನಿನಗೆ? ಬಂದ ಕೆಲಸ ಒದೀತೀಯಾ?”

ದತ್ತು ಚೀಲ ಎತ್ತಿ ಹೆಗಲಿಗೇರಿಸಿದ. ಒದ್ದೇಬಿಡುವವನೇ. ಹೋಗುವ ಮುಂಚೆ ಒಮ್ಮೆ ಮೃದುಲಾಳ ಕಡೆ ನೋಡಿದ. ಸುತ್ತ ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ಅವಳನ್ನು ಮ್ಯಾಡಮ್ ಎಂದು ಕರೆದು ಎದ್ದು ನಿಲ್ಲುವವರು.

“ದತ್ತುವಿಂದೇನೂ ತಪ್ಪಿಲ್ಲ,” ಎಂದಳು. “ಮುಚ್ಚಳ ಬಾಗಿದ್ದು ನಮ್ಮ ಮನೆಯಲ್ಲಿ. ನಾನು ಸುಳ್ಳು ಹೇಳಿದೆ.”

ಮುಳೆ ಸಾಹೇಬರು ಹಣೆ ಹಿಡಿದುಕೊಂಡರು. ದತ್ತು ಚೀಲ ಇಳಿಸಲಿಲ್ಲ.

“ಮ್ಯಾಡಮ್, ಇನ್ನೊಮ್ಮೆ ಹೇಳ್ರಿ,” ಎಂದ. “ಹಿಂದೆ ನಿಂತವರಿಗೆ ಕೇಳಿಸಿಲ್ಲ.”

ಮೃದುಲಾ ತಲೆ ಎತ್ತಿದಳು. ಹಿಂದೆ, ಪೀಪಾಯಿಯ ಪಕ್ಕದಲ್ಲಿ, ಅಪ್ಪ ನಿಂತಿದ್ದರು. ಅವಳು ಗಂಟಲು ಸರಿಮಾಡಿಕೊಂಡು ಅಷ್ಟೂ ಮಾತನ್ನು ಮೊದಲಿಂದ ಹೇಳಿದಳು. ಈ ಸಲ ಕೂಗಿ ಹೇಳಿದಳು: ದೀಪದ ಹತ್ತಿರ ಇಟ್ಟದ್ದು, ಕಾವಿಗೆ ಬಾಗಿದ್ದು, ಅಂಬಡದಲ್ಲಿ ಫೋನಿನಲ್ಲಿ ತಾನು ಅಂದದ್ದು, ದತ್ತುವಿನ ಕೆಲಸ ಸರಿಯಿದ್ದದ್ದು.

ಹೇಳಿ ಮುಗಿಸಿದಾಗ ರಾಯರು ಕಣ್ಣು ಕೆಳಗೆ ಹಾಕಿ ನಿಂತಿದ್ದರು.

“ಕೇಳಿಸ್ತು ನೋಡವಾ,” ಎಂದರು ಕನ್ನಡದಲ್ಲಿ. ಆ ಶೆಡ್ಡಿನಲ್ಲಿ ಆ ಮಾತು ತಿಳಿದದ್ದು ಅವಳೊಬ್ಬಳಿಗೇ.